ಭೋಂ ತಾತನ ಎರಡು ನಿಮಿಷ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಸುಳ್ಳಲ್ಲ ಬಿಡಿ. ಟವೆಲ್ ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಎಲೆಕ್ಟ್ರಿಷಿಯನ್ ಆಗಿ, ಗಂಡಸರ ನಡುವೆ ಏಣಿ ಹತ್ತಿ ಇಳಿದು ಬದುಕಿದವಳಿಗೆ ಕೋಪವೂ ಇಕ್ಕಳ, ಟೆಸ್ಟರುಗಳ ಜೊತೆ ಇರಬೇಕಾದ ಒಂದು ಸಲಕರಣೆ. ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಕರೆಂಟಕ್ಕ ಎನ್ನುತ್ತಾರೆ. ಈಗ ಹೇಳಹೊರಟಿರುವುದು ಮಾತ್ರ ನನ್ನ ಕಥೆಯಲ್ಲ, ಭೋಂ ತಾತನದು. ಅದರಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ಬಚ್ಚಿಟ್ಟು ಉಳಿದದ್ದನ್ನು ಹೇಳಿದರೆ ನನ್ನ ಬಾಯಿಗೆ ಮರ್ಯಾದೆ ಉಳಿಯುವುದಿಲ್ಲ.

ಭೋಂ ತಾತ ಎಂದರೆ ನಮ್ಮ ಸೈರನ್ ಒತ್ತುವವರು. ಗೇಟಿನ ಪಕ್ಕದ ಕಟ್ಟಡದ ಮಹಡಿಯಲ್ಲಿ ಒಂದು ಕಿರುಕೋಣೆ. ಅದರಲ್ಲಿ ಒಂದು ಸ್ಟೂಲು, ಒಂದು ಗೋಡೆ ಗಡಿಯಾರ, ಅಂಗೈ ಅಗಲದ ಕೆಂಪು ಗುಂಡಿ, ರಸ್ತೆಯ ಕಡೆಗೆ ತೆರೆಯುವ ಒಂದು ಕಿಟಕಿ. ಬೆಳಿಗ್ಗೆ ಎಂಟಕ್ಕೆ, ಊಟಕ್ಕೆ ಬಿಡುವಾಗ, ಊಟ ಮುಗಿದಾಗ, ಸಂಜೆ ಐದಕ್ಕೆ, ಹೀಗೆ ದಿನಕ್ಕೆ ನಾಲ್ಕು ಸಲ ಅವರು ಗುಂಡಿ ಒತ್ತಿದರೆ ಮೂರು ಬೀದಿಯಾಚೆಯ ನಾಯಿಗಳೂ ದನಿಗೂಡಿಸುತ್ತಿದ್ದವು. ಮೂವತ್ತು ವರ್ಷದಲ್ಲಿ ಅವರು ರಜೆ ಹಾಕಿದ್ದು ಬೆರಳೆಣಿಕೆಯಷ್ಟು ದಿನ. ಸುತ್ತಲಿನ ಮನೆಯವರೆಲ್ಲ ಗಡಿಯಾರಕ್ಕೆ ಕೀಲಿ ಕೊಟ್ಟು ಮುಳ್ಳು ತಿರುಗಿಸುತ್ತಿದ್ದುದು ಆ ಸೈರನ್ ಕೇಳಿಯೇ. ನಮ್ಮ ಮನೆಯಲ್ಲೂ ಹಾಗೆಯೇ. ರೇಡಿಯೋದವನು ಬೇರೆ ಸಮಯ ಹೇಳಿದರೆ ಅತ್ತೆ ರೇಡಿಯೋದವನನ್ನೇ ಬೈಯುತ್ತಿದ್ದರು.

ಎಂಟರ ಸೈರನ್ ಎಂದರೆ ನಮ್ಮಲ್ಲಿ ಹುಡುಗಾಟವಲ್ಲ. ಸೈರನ್ ಆದೊಡನೆ ಕಾವಲುಗಾರ ಗೇಟು ಎಳೆದುಬಿಡುತ್ತಿದ್ದ. ಆಮೇಲೆ ಬಂದವರು ಹಾಜರಿ ಆಫೀಸಿನ ಸಣ್ಣ ಬಾಗಿಲಿನಿಂದ ಒಳಗೆ ಬರಬೇಕು, ಕಾರ್ಡಿನ ಮೇಲೆ ‘ತಡ’ ಎಂಬ ಮೊಹರು ಬೀಳುತ್ತದೆ. ಒಂದೇ ತಿಂಗಳಲ್ಲಿ ಮೂರು ಮೊಹರು ಬಿದ್ದರೆ ಹಂಗಾಮಿ ಕೆಲಸದವರಿಗೆ ಅಲ್ಲಿಗೇ ಮುಗಿಯಿತು, ಕಾರ್ಡು ವಾಪಸ್. ಈ ನಿಯಮ ನಾನು ಸೇರುವ ಮೊದಲಿನದು.

ಹೋದ ವರ್ಷ ಹೊಸ ಮ್ಯಾನೇಜರು ಬಂದರು. ಒಳ್ಳೆಯ ಮನುಷ್ಯ, ಆದರೆ ಎಲ್ಲವೂ ಸೆಕೆಂಡಿನ ಲೆಕ್ಕದಲ್ಲಿ ಆಗಬೇಕು ಅನ್ನುವ ಪೈಕಿ. ಮಗ್ಗಗಳಿಗೆ ಹೊಸ ಕಂಟ್ರೋಲರ್ ತರಿಸಿದರು. ಯಾವ ಮೋಟಾರು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಅಪ್ಪಣೆ ಕೊಡುವ, ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ ಅದು. ಅದರ ಹೊಟ್ಟೆಯೊಳಗೇ ಒಂದು ಗಡಿಯಾರವಿದೆ. ವರ್ಷ, ತಿಂಗಳು, ತಾರೀಕು, ವಾರ, ಗಂಟೆ, ನಿಮಿಷ, ಸೆಕೆಂಡು ಎಲ್ಲ ಗೊತ್ತು ಅದಕ್ಕೆ. ಕರೆಂಟ್ ಹೋದರೂ ಬಿಲ್ಲೆಯಂಥ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ. ಮ್ಯಾನೇಜರು ನನ್ನನ್ನು ಕರೆದು, “ಸೈರನ್ನೂ ಇದಕ್ಕೇ ಸೇರಿಸಿಬಿಡಿ. ಎಂಟು ಅಂದ್ರೆ ಎಂಟು. ಹಾಗೇ ಗೇಟಿಗೂ ಒಂದು ಮೋಟಾರ್ ಹಾಕಿ,” ಎಂದು ಒಂದು ಹಾಳೆ ಬರೆದುಕೊಟ್ಟರು.

ನಾನು ಹತ್ತು ದಿನ ಪುಸ್ತಕ ಹಿಡಿದು ಕೂತು ಕಲಿತೆ. ಗಡಿಯಾರವನ್ನು ಮೊಬೈಲಿಗೆ ಸರಿಯಾಗಿ ಹೊಂದಿಸಿದೆ. ‘ಗಂಟೆ ಎಂಟು, ನಿಮಿಷ ಸೊನ್ನೆ ಆದಾಗ ಸೈರನ್ನಿಗೆ ಕರೆಂಟ್ ಕೊಡು’ ಎಂದು ಬರೆದೆ. ಸೈರನ್ನಿನ ತಂತಿಯ ಜೊತೆಗೇ ಗೇಟಿನ ಮೋಟಾರನ್ನೂ ಕಟ್ಟಿದೆ. ಸೈರನ್ ಆದರೆ ಗೇಟು ಮುಚ್ಚುವುದು, ಮೂವತ್ತು ವರ್ಷದಿಂದ ಹಾಗೇ ತಾನೇ? ತೆರೆಯುವ ಗುಂಡಿಯನ್ನು ಮಾತ್ರ ಕಾವಲುಗಾರನ ಕೈಗೆ ಬಿಟ್ಟೆ. ಗೇಟಿನ ದಾರಿಯಲ್ಲಿ ಯಾರಾದರೂ ಅಡ್ಡ ಬಂದರೆ ನಿಲ್ಲಲಿ ಎಂದು ಎರಡು ಕಂಬಕ್ಕೂ ಸೆನ್ಸರ್ ಕೂರಿಸಿದೆ. ನನಗೆ ನನ್ನ ಮೇಲೇ ಎಂಥ ಹೆಮ್ಮೆ ಎಂದರೆ, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಭೋಂ ತಾತ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. “ಅಮ್ಮಾ, ಇದಕ್ಕೆ ಕಿಟಕಿ ಬೇಡವಾ?” ಎಂದು ಕೇಳಿದರು.

“ಯಂತ್ರಕ್ಕೆ ಯಾವ ಕಿಟಕಿ ತಾತ? ಅದೇನು ಹೋಗಿಬರೋರನ್ನ ನೋಡ್ಕೊಂಡು ಕೂರುತ್ತಾ?” ಎಂದು ನಕ್ಕೆ. ಅವರು ನಗಲಿಲ್ಲ. ಅವರನ್ನು ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಮಟ್ಟಿಗೆ ಮ್ಯಾನೇಜರು ದೊಡ್ಡವರು. ಯಂತ್ರ ಕೈಕೊಟ್ಟರೆ ಇರಲಿ ಎಂದು ಹಳೆಯ ಕೆಂಪು ಗುಂಡಿಯನ್ನೂ ಉಳಿಸಿ, ತಾತನನ್ನು ಅಲ್ಲೇ ಕೂರಿಸಿದರು.

ಗುರುವಾರ ಮೊದಲ ದಿನ. ಎಂಟು ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು. ಸೈರನ್ ಕೂಗಿತು, ಗೇಟು ತಾನೇ ಜಾರಿಕೊಂಡು ಬಂದು ಮುಚ್ಚಿತು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. ಹೊರಗೆ ನೋಡಿದರೆ ನಲವತ್ತಮೂರು ಜನ! ಎಲ್ಲರೂ ಗೇಟಿಗೆ ಬಡಿಯುತ್ತಿದ್ದಾರೆ, ಎಲ್ಲರೂ ಕೈಗಡಿಯಾರ ತೋರಿಸುತ್ತಿದ್ದಾರೆ, ಎಲ್ಲರ ಗಡಿಯಾರದಲ್ಲೂ ಎಂಟಕ್ಕೆ ಎರಡು ನಿಮಿಷ ಕಮ್ಮಿ. ಊರೆಲ್ಲ ತಾತನ ಸೈರನ್ನಿಗೆ ಮುಳ್ಳು ತಿರುಗಿಸಿ ತಿರುಗಿಸಿ, ನಮ್ಮ ಸುತ್ತಲಿನ ಬೀದಿಗಳೆಲ್ಲ ಎರಡು ನಿಮಿಷ ಹಿಂದೆಯೇ ಬದುಕುತ್ತಿದ್ದವು!

ಮ್ಯಾನೇಜರು ಅಂದು ಯಾರಿಗೂ ಮೊಹರು ಹಾಕಿಸಲಿಲ್ಲ. “ನಾಳೆಯಿಂದ ಸರಿಯಾದ ಸಮಯ ಇಟ್ಕೊಳ್ಳಿ,” ಎಂದು ಮೊಬೈಲ್ ಎತ್ತಿ ತೋರಿಸಿದರು. ತಾತನನ್ನು ನೋಡಿ, “ಏನಜ್ಜ, ಮೂವತ್ತು ವರ್ಷ ಊರಿಗೇ ಮಂಕುಬೂದಿ ಎರಚಿದ್ರಲ್ಲ!” ಎಂದರು. ತಾತ ತಲೆ ತಗ್ಗಿಸಿ, “ಹಳೇ ಗಡಿಯಾರ ಸಾರ್,” ಎಂದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅಂದಿನಿಂದ ಅವರು ಎದುರಿಗೆ ಬಂದರೆ ಸಾಕು, ಮಗ್ಗದವರು ಬೇಕೆಂದೇ ಸಮಯ ಕೇಳುವುದು, ಕಿಸಿಕಿಸಿ ನಗುವುದು ಶುರುವಾಯಿತು. ನಾನೂ ನಕ್ಕೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಶುಕ್ರವಾರಕ್ಕೆ ನಲವತ್ತೆರಡು ಜನ ಸರಿಹೋದರು. ಒಬ್ಬಳು ಮಾತ್ರ ಸರಿಹೋಗಲಿಲ್ಲ. ಟವೆಲ್ ಮಡಚುವ ವಿಭಾಗದ ಹೆಂಗಸು, ನಾವೆಲ್ಲ ಬಿರುಗಾಳಿ ಎಂದು ಕರೆಯುವವಳು. ಯಾವಾಗ ನೋಡಿದರೂ ಓಡಿಯೇ ಬರುವುದು, ಏದುಸಿರಲ್ಲೇ ನಗುವುದು. ಆರು ವರ್ಷದಿಂದ ಹಂಗಾಮಿ. ಆ ತಿಂಗಳ ಕೊನೆಗೆ, ಅಂದರೆ ಮುಂದಿನ ಬುಧವಾರ, ಖಾಯಂ ಆಗುವವರ ಪಟ್ಟಿ ಅಂಟಿಸುತ್ತಾರೆ, ಅದರಲ್ಲಿ ಅವಳ ಹೆಸರಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಆರು ವರ್ಷದಲ್ಲಿ ಒಂದೇ ಒಂದು ‘ತಡ’ ಇಲ್ಲದ ಕಾರ್ಡು ಅವಳದು, ಅದೇ ಅವಳ ಜಂಬ. ಶುಕ್ರವಾರ ಅದರ ಮೇಲೆ ಮೊದಲ ಮೊಹರು ಬಿತ್ತು. ಶನಿವಾರ ಎರಡನೆಯದು.

ಶನಿವಾರ ಹಾಜರಿ ಆಫೀಸಿನಲ್ಲಿ ಫ್ಯಾನು ರಿಪೇರಿ ಮಾಡುತ್ತಿದ್ದವಳು ಏಣಿಯ ಮೇಲಿಂದಲೇ ರೇಗಿದೆ. “ಅಲ್ಲ ಕಣೇ, ಖಾಯಂ ಆಗೋ ಹೊತ್ತಲ್ಲಿ ಇದೇನು? ಎರಡು ನಿಮಿಷ ಮುಂಚೆ ಮನೆ ಬಿಟ್ರೆ ಗಂಟೇನು ಹೋಗುತ್ತೆ?”

“ಹೆಂಗೆ ಬಿಡ್ಲಿ ಅಕ್ಕ? ನಮ್ಮತ್ತೆ ಹಾಸಿಗೆ ಹಿಡಿದಿದಾರೆ. ಒಂದ್ಸಲ ಒಬ್ರನ್ನೇ ಬಿಟ್ಟು ಬಂದಿದ್ದಕ್ಕೆ ಕೆಳಗೆ ಬಿದ್ದು ಸೊಂಟ ಮುರ್ಕೊಂಡ್ರು. ನಾದಿನಿ ಆಸ್ಪತ್ರೆಲಿ ರಾತ್ರಿ ಪಾಳಿ ಮುಗಿಸಿ ಬರಬೇಕು. ಅವಳು ಬಸ್ ಇಳಿಯೋದೇ ಏಳೂ ಮುಕ್ಕಾಲಿಗೆ. ಅವಳು ಒಂದು ಕಾಲು ಒಳಗಿಟ್ರೆ ನಾನು ಒಂದು ಕಾಲು ಆಚೆ ಇಡ್ತೀನಿ. ಇಷ್ಟು ವರ್ಷ ಸರಿಯಾಗೇ ಬರ್ತಿದ್ನಲ್ಲ!”

ಅವಳು ಇಷ್ಟು ವರ್ಷ ಸರಿಯಾಗಿ ಬರುತ್ತಿರಲಿಲ್ಲ, ದಿನವೂ ಒಂದೂವರೆ ನಿಮಿಷ ತಡವಾಗಿಯೇ ಬರುತ್ತಿದ್ದಳು. ಪಾಪ, ಅದು ಅವಳಿಗೂ ಗೊತ್ತಿರಲಿಲ್ಲ. ಇನ್ನೊಂದು ಮೊಹರು ಬಿದ್ದರೆ ಖಾಯಂ ಹೋಗಲಿ, ಇರುವ ಕೆಲಸವೂ ಇಲ್ಲ. ಉಳಿದಿದ್ದುದು ಸೋಮವಾರ, ಮಂಗಳವಾರ, ಬುಧವಾರ ಮಾತ್ರ. ನಾನು ಏಣಿ ಇಳಿದು, ಅದನ್ನು ಹೆಗಲಿಗೇರಿಸಿಕೊಂಡು ಹೊರಟೆ.

ಭಾನುವಾರ ಬೆಳಿಗ್ಗೆ ಇನ್ನೂ ಮುಸುಕು ಹೊದ್ದಿದ್ದೇನೆ, ಭೋಂ ಎಂದಿತು. ಅತ್ತೆ ಬಂದು ಹೊದಿಕೆ ಎಳೆದು, “ಏಳು, ನಿನ್ನ ಕೂಸು ಅಳ್ತಾ ಇದೆ!” ಎಂದರು. ರಜೆಯ ದಿನ ಸೈರನ್! ಎದ್ದೆನೋ ಬಿದ್ದೆನೋ ಎಂದು ಓಡಿದರೆ ಗೇಟಿನ ಹತ್ತಿರ ಏಳೆಂಟು ಮಂದಿ ಊಟದ ಡಬ್ಬಿ ಹಿಡಿದು ಕಣ್ಣುಜ್ಜುತ್ತಾ ನಿಂತಿದ್ದರು. ಆದದ್ದು ಇಷ್ಟೇ. ವಾರವನ್ನು ನಾನು ಒಂದರಿಂದ ಎಣಿಸಿ, ‘ಒಂದು ಬಂದರೆ ಕೂಗಬೇಡ’ ಎಂದು ಬರೆದಿದ್ದೆ. ಯಂತ್ರ ಭಾನುವಾರವನ್ನು ಸೊನ್ನೆ ಎಂದು ಎಣಿಸುತ್ತದೆ. ಅದರ ಪ್ರಕಾರ ಒಂದು ಎಂದರೆ ಸೋಮವಾರ. ಜಾಣೆ ಜಾಣೆ ಅನ್ನಿಸಿಕೊಂಡವಳು ಸೊನ್ನೆಯಲ್ಲಿ ಜಾರಿಬಿದ್ದೆ. ಯಂತ್ರದ ಕೋಣೆಯ ಬೀಗದ ಕೈ ಮ್ಯಾನೇಜರ ಬಳಿ, ಮ್ಯಾನೇಜರು ಪರಊರಿನಲ್ಲಿ. ಸೋಮವಾರ ಅವರು ಬಂದ ಮೇಲೇ ಸರಿಪಡಿಸಬೇಕಾಯಿತು.

ಸೋಮವಾರ ಎಂಟಕ್ಕೆ ಸೈರನ್ ಆಗಲಿಲ್ಲ. ಆದರೆ ಯಾರಿಗೂ ಗೊತ್ತಾಗಲೂ ಇಲ್ಲ, ಏಕೆಂದರೆ ಭೋಂ ತಾತ ಹಳೆಯ ಗುಂಡಿ ಒತ್ತಿದ್ದರು. ಗೇಟು ಮುಚ್ಚಿತು, ಬಿರುಗಾಳಿ ಒಳಗಿದ್ದಳು. ಮ್ಯಾನೇಜರು ಬಂದು ಯಂತ್ರ ತಾನೇ ಬರೆದಿಟ್ಟುಕೊಂಡ ದಾಖಲೆ ತೆಗೆದರು. ಎಂಟು ಗಂಟೆ, ಒಂದು ನಿಮಿಷ, ನಲವತ್ತು ಸೆಕೆಂಡು. ಅದನ್ನು ಹಿಡಿದು ಸೈರನ್ ಕೋಣೆಗೆ ಬಂದರೆ, ಕೆಂಪು ಗುಂಡಿಯ ಪಕ್ಕದಲ್ಲೇ ನಾನು ಕೂರಿಸಿದ್ದ ಪರದೆಯಲ್ಲಿ ಮೊಬೈಲಿಗೆ ಹೊಂದಿಸಿದ ಗಡಿಯಾರ ದೊಡ್ಡ ಅಂಕಿಗಳಲ್ಲಿ ಓಡುತ್ತಿದೆ. ಹಳೇ ಗಡಿಯಾರದ ನೆಪ ಇನ್ನು ನಡೆಯುವಂತಿರಲಿಲ್ಲ.

“ಕಣ್ಣೆದುರಿಗೇ ಸರಿಯಾದ ಸಮಯ ಇದೆ, ಆದ್ರೂ ತಡ ಮಾಡಿ ಒತ್ತಿದೀರಿ. ಯಾಕಜ್ಜ?” ಎಂದು ಮ್ಯಾನೇಜರು ಕೇಳಿದರೆ ತಾತ ಕಿಟಕಿಯ ಕಡೆ ಮುಖ ತಿರುಗಿಸಿದರು. ಮ್ಯಾನೇಜರು ನನ್ನ ಕಡೆ ತಿರುಗಿ, “ಆ ಗುಂಡಿ ತಂತಿ ಕತ್ತರಿಸಿಬಿಡಿ,” ಎಂದು ಹೊರಟುಹೋದರು.

ನಾನು ವಾರದ ಲೆಕ್ಕ ಸರಿಮಾಡಿ, ಇಕ್ಕಳ ತಗೊಂಡು ತಂತಿ ಕತ್ತರಿಸಿದೆ. ನನ್ನ ಮೈಯೆಲ್ಲ ಉರಿಯುತ್ತಿತ್ತು. “ನಿಮ್ಮಿಂದ ನನಗೂ ಮಂಗಳಾರತಿ ಆಯ್ತು ತಾತ. ಒತ್ತೋದು ಒತ್ತಿದ್ರಿ, ಸರಿಯಾಗಿ ಒತ್ತಕ್ಕೇನಾಗಿತ್ತು?”

“ಅವಳು ಅಂಗಡಿ ತಿರುವಲ್ಲಿದ್ಲು ಕಣಮ್ಮ,” ಎಂದರು.

“ಯಾರು?”

“ಬಿರುಗಾಳಿ. ಆ ತಿರುವಿಂದ ಗೇಟಿಗೆ ಒಂದು ನಿಮಿಷ ಓಟ. ದಿನಾ ಅವಳು ಒಳಗೆ ಬಂದ್ಮೇಲೇ ನಾನು ಒತ್ತೋದು. ಅವಳಿಗೆ ಮುಂಚೆ ಒಬ್ಬ ಕುಂಟ ಇದ್ದ, ಅದಕ್ಕೂ ಮುಂಚೆ ಒಬ್ಬಳು ಬಸುರಿ. ಯಾವಾಗ್ಲೂ ಒಬ್ರು ಇದ್ದೇ ಇರ್ತಾರೆ.”

ನಾನು ಇಕ್ಕಳ ಕೆಳಗಿಟ್ಟೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಮಾತಾಡಿದರು.

“ಸೇರಿದ ಹೊಸದರಲ್ಲಿ ನಾನೂ ನಿನ್ನ ಯಂತ್ರದ ಹಾಗೇ ಇದ್ದೆ. ಮುಳ್ಳು ಎಂಟರ ಮೇಲೆ ಬಂತೋ, ಒತ್ತು. ನನ್ನ ಹೆಂಡತೀನೂ ಇಲ್ಲೇ, ಅಂಚು ಹೊಲಿಯೋ ವಿಭಾಗದಲ್ಲಿ. ಮಗೂಗೆ ಜ್ವರ ಅಂತ ಎರಡು ದಿನ ತಡ ಆಗಿತ್ತು. ಮೂರನೇ ದಿನ ನಾನು ಇಲ್ಲಿ ಕೂತಿದೀನಿ, ಅವಳು ಆ ತಿರುವಲ್ಲಿ ಓಡಿ ಬರ್ತಿದಾಳೆ, ಚಪ್ಪಲಿ ಕೈಲಿ ಹಿಡ್ಕೊಂಡು. ಮುಳ್ಳು ಎಂಟಕ್ಕೆ ಬಂತು. ಹೆಂಡತಿ ಅಂತ ಬಿಟ್ರೆ ಜನ ಏನಂತಾರೆ ಅಂತ ಒತ್ತಿಬಿಟ್ಟೆ.”

“ಆಮೇಲೆ?”

“ಆಮೇಲೇನು, ಕಾರ್ಡು ವಾಪಸ್. ಸಾಯಂಕಾಲ ಮನೆಗೆ ಹೋದರೆ ಒಂದೇ ಮಾತು ಕೇಳಿದ್ಲು. ‘ನಾನು ಬರೋದು ನಿಮಗೆ ಕಾಣಿಸ್ತಲ್ವಾ?’ ಅಂತ. ಕಾಣಿಸ್ತು ಅಂದೆ. ಸಾಯೋವರೆಗೂ ಮತ್ತೆ ಆ ಮಾತು ಎತ್ತಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.”

ನನಗೆ ಕಣ್ಣು ತುಂಬಿ ಬಂತು, ಮುಖ ತಿರುಗಿಸಿಕೊಂಡು ತಂತಿ ಸುತ್ತುವವಳಂತೆ ನಟಿಸಿದೆ. ತಾತ ಮೆಲ್ಲಗೆ ಕೇಳಿದರು, “ಆ ಡಬ್ಬಿ ಒಳಗಿನ ಗಡಿಯಾರಾನ ಎರಡೇ ಎರಡು ನಿಮಿಷ ಹಿಂದಕ್ಕೆ ಇಡೋಕಾಗಲ್ವಾ ಅಮ್ಮಾ?”

“ಇಡಬಹುದು. ಮ್ಯಾನೇಜರು ದಿನಾ ಮೊಬೈಲ್ ಪಕ್ಕದಲ್ಲಿಟ್ಟು ನೋಡ್ತಾರೆ, ನನ್ನ ಕೆಲಸ ಹೋಗುತ್ತೆ. ಆಗಲ್ಲ ತಾತ,” ಎಂದೆ. ನಿಜವನ್ನೇ ಹೇಳಿದೆ. ಆದರೂ ಸಂಜೆ ಊಟ ಸೇರಲಿಲ್ಲ, ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಅತ್ತೆ, “ಇವಳಿಗೇನೋ ತಪ್ಪು ಮಾಡಿದ ಮುಖ ಬಂದಿದೆ,” ಎಂದರು. ಆ ಮುದುಕಿಯ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗದು.

ಮಂಗಳವಾರ ಏಳೂ ಮುಕ್ಕಾಲಿಗೇ ಸೈರನ್ ಕೋಣೆಗೆ ಹೋದೆ. ಸ್ಟೂಲು ಖಾಲಿ. ಕಿಟಕಿಯಿಂದ ನೋಡಿದರೆ ತಾತ ಕೆಳಗೆ ಗೇಟಿನ ಹತ್ತಿರ ಸುಮ್ಮನೆ ಅಡ್ಡಾಡುತ್ತಿದ್ದಾರೆ. ಏಳು ಐವತ್ತೊಂಬತ್ತಕ್ಕೆ ತಿರುವಿನಲ್ಲಿ ಯಾರೂ ಇಲ್ಲ. ಎಂಟು. ಸೈರನ್ ಕೂಗಿತು. ಗೇಟು ಒಂದು ಮೊಳ ಜಾರಿತು. ಆಗ ತಾತ “ಅಯ್ಯಯ್ಯೋ!” ಎಂದು ಕಾಲು ಹಿಡಿದುಕೊಂಡು ಎರಡು ಕಂಬಗಳ ನಡುವೆ, ನನ್ನ ಸೆನ್ಸರಿಗೆ ಸರಿಯಾಗಿ ಅಡ್ಡವಾಗಿ, ನೆಲದ ಮೇಲೆ ಕೂತುಬಿಟ್ಟರು! ಗೇಟು ಗಕ್ಕನೆ ನಿಂತಿತು.

“ಏಳಿ ತಾತ, ಏನ್ಮಾಡ್ತಿದೀರಿ!” ಕಾವಲುಗಾರ ಕೂಗಿದ.

“ಮೀನಖಂಡ ಹಿಡ್ಕೊಂಡಿದೆ ಕಣಪ್ಪ... ಮುಟ್ಟಬೇಡ, ಮುಟ್ಟಬೇಡ, ಜೀವ ಹೋಗುತ್ತೆ!”

ಎಡಗಾಲು ತಿಕ್ಕುತ್ತಿದ್ದರು. ಕಾವಲುಗಾರ ಬಗ್ಗಿ ಎಡಗಾಲು ಹಿಡಿಯಲು ಹೋದರೆ, “ಅದಲ್ಲ, ಈ ಕಾಲು!” ಎಂದು ಬಲಗಾಲು ತೋರಿಸಿದರು. ಅಷ್ಟರಲ್ಲಿ ಅಂಗಡಿ ತಿರುವಿನಲ್ಲಿ ಬಿರುಗಾಳಿ ಕಾಣಿಸಿಕೊಂಡಳು. ಓಡು, ಓಡೇ ಎಂದು ನಾನು ಕಿಟಕಿಯಿಂದ ಕಿರುಚಿದೆನೋ ಏನೋ, ನೆನಪಿಲ್ಲ. ಅವಳು ಬಂದು, ತಾತನನ್ನು ದಾಟಿ, “ಏನಾಯ್ತು ತಾತ?” ಎಂದು ನಿಂತಳು. “ಏನಿಲ್ಲ, ನೀನು ಒಳಗೆ ಹೋಗು,” ಎಂದು ಗದರಿ, ಎದ್ದು ಧೂಳು ಕೊಡವಿಕೊಂಡರು. ಗೇಟು ಮುಚ್ಚಿಕೊಂಡಿತು. ಮುಚ್ಚುವ ಮೊದಲು ಬಂದವಳಿಗೆ ಮೊಹರು ಹಾಕಲು ನಿಯಮವಿಲ್ಲ.

ಮ್ಯಾನೇಜರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ತಾತನ ಹೆಸರಿಗೆ ಮೆಮೊ ಟೈಪಾಗುತ್ತಿತ್ತು, ನನಗೂ ಕರೆ ಬಂತು. “ಈ ಮುದುಕರನ್ನ ಗೇಟಿನ ಹತ್ತಿರ ಸುಳಿಯೋಕೆ ಬಿಡಬೇಡಿ,” ಎಂದರು ಮ್ಯಾನೇಜರು. “ನಾಳೆ ಹೀಗಾಗಬಾರದು. ನಾನು ಬರೆದುಕೊಟ್ಟ ಹಾಗೆ ನಡೀಬೇಕು ಅಷ್ಟೇ.”

ನನ್ನ ನಾಲಿಗೆ ಸುಮ್ಮನಿರುತ್ತದೆಯೇ? ಬಿರುಗಾಳಿಯ ಅತ್ತೆ, ನಾದಿನಿ, ಬಸ್ಸು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ತಾತನ ಹೆಂಡತಿಯ ವಿಷಯ ಮಾತ್ರ ಹೇಳಲಿಲ್ಲ, ಅದನ್ನು ಹೇಳುವ ಹಕ್ಕು ನನ್ನದಲ್ಲ. ಮ್ಯಾನೇಜರು ಕೇಳಿಸಿಕೊಂಡರು. “ಪಾಪವೇ. ಆದ್ರೆ ಸೈರನ್ ಎಂಟಕ್ಕೇ ಆಗಬೇಕು. ಒಬ್ಬರಿಗೋಸ್ಕರ ಸಮಯ ತಿದ್ದೋಕಾಗಲ್ಲ. ಬೇಕಾದ್ರೆ ನೋಡಿ,” ಎಂದು ಅವರೇ ಬರೆದ ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು.

ನೋಡಿದೆ. ಎಂಟಕ್ಕೆ ಸೈರನ್. ಎಂಟು ಹತ್ತಕ್ಕೆ ಮಗ್ಗಗಳಿಗೆ ಕರೆಂಟ್. ಗೇಟಿಗೆ ಮೋಟಾರ್ ಹಾಕುವುದು. ಅಷ್ಟೇ. ಗೇಟು ಎಷ್ಟು ಹೊತ್ತಿಗೆ ಮುಚ್ಚಬೇಕು ಎಂಬ ಮಾತೇ ಆ ಹಾಳೆಯಲ್ಲಿ ಇರಲಿಲ್ಲ!

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಗೇಟನ್ನು ಸೈರನ್ನಿಗೆ ಕಟ್ಟಿದವಳು ನಾನು. ಯಾರೂ ಹೇಳಿರಲಿಲ್ಲ. ಹಿಂದಿನಿಂದ ಹಾಗೇ ಇತ್ತು ಎಂದು, ಯೋಚನೆಯೇ ಮಾಡದೆ ಒಂದೇ ತಂತಿಗೆ ಎರಡನ್ನೂ ಬಿಗಿದಿದ್ದೆ. ದಿನಕ್ಕೆ ಎಷ್ಟು ಸಲ ಬೇಕಾದರೂ ಬೇರೆ ಬೇರೆ ಸಮಯ ನೋಡಿ ಬೇರೆ ಬೇರೆ ಕೆಲಸ ಮಾಡಬಲ್ಲ ಗಡಿಯಾರ ಕೈಯಲ್ಲಿತ್ತು, ನಾನು ಅದನ್ನು ಬರೀ ಒಂದು ಕೆಂಪು ಗುಂಡಿಯ ಹಾಗೆ ಬಳಸಿದ್ದೆ.

“ಸಾರ್, ತಪ್ಪು ನಂದು,” ಎಂದೆ. ಹದಿನೇಳು ವರ್ಷದಲ್ಲಿ ಆ ಆಫೀಸಿನಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. “ಸೈರನ್ ಎಂಟಕ್ಕೇ ಆಗಲಿ, ಒಂದು ಸೆಕೆಂಡೂ ಆಚೀಚೆ ಬೇಡ. ಮಗ್ಗ ಶುರುವಾಗೋದೇ ಎಂಟು ಹತ್ತಕ್ಕೆ. ಗೇಟು ಎಂಟು ಐದಕ್ಕೆ ಮುಚ್ಚಿದ್ರೆ ಯಾರ ಗಂಟು ಹೋಗುತ್ತೆ?”

ಅವರು ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಎರಡು ಸಲ ಓದಿದರು. ಪೆನ್ನಿನಿಂದ ಮೇಜಿಗೆ ತಟ್ಟಿದರು. “ಐದು ಬೇಡ, ಮೂರು,” ಎಂದು ಕೈಯಾರೆ ಬರೆದು ಸಹಿ ಹಾಕಿದರು. ತಾತನ ಮೆಮೊ ಮಾತ್ರ ರದ್ದಾಗಲಿಲ್ಲ. ತಾತ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, “ಬರಲಿ ಬಿಡು, ಕಾಲು ನೋವಿದ್ದದ್ದು ನಿಜ,” ಎಂದರು. ಯಾವ ಕಾಲು ಎಂದು ನಾನು ಕೇಳಲಿಲ್ಲ. ಗೇಟನ್ನು ಬೇರೆ ತಂತಿಗೆ ಹಾಕಿ, ಬೇರೆ ಸಮಯ ಬರೆಯಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ.

ಬುಧವಾರ ಬೆಳಿಗ್ಗೆ ನಾವಿಬ್ಬರೂ ಕಿಟಕಿಯ ಬಳಿ ನಿಂತಿದ್ದೆವು. ಎಂಟು ಗಂಟೆ, ಸೊನ್ನೆ, ಸೊನ್ನೆ. ಸೈರನ್ ಕೂಗಿತು. ತಿರುವಿನಲ್ಲಿ ಬಿರುಗಾಳಿ ಆ ಸದ್ದು ಕೇಳಿ ಅಳುಮುಖ ಮಾಡಿಕೊಂಡು, ಆದರೂ ಓಡುತ್ತಾ ಬಂದಳು. ಗೇಟು ತೆರೆದೇ ಇದ್ದದ್ದನ್ನು ಕಂಡು ನಂಬಲಾರದೆ ಒಂದು ಕ್ಷಣ ಹೊಸ್ತಿಲಲ್ಲೇ ನಿಂತಳು. ಕಾವಲುಗಾರ, “ಹೋಗಮ್ಮ, ಇನ್ನೂ ಟೈಮಿದೆ,” ಎಂದ. ಅವಳ ಹಿಂದೆ ಇನ್ನೂ ಇಬ್ಬರು ಅವಸರವಿಲ್ಲದೆ ನಡೆದು ಬಂದರು. ಆಮೇಲೆ ಗೇಟು ಮುಚ್ಚಿತು. ಹತ್ತು ಗಂಟೆಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರು ನಾಲ್ಕನೆಯದಾಗಿತ್ತು.

ಓಡಿ ಹೋಗಿ ತಾತನಿಗೆ ಹೇಳಿದೆ. ಅವರಿಗೆ ಸಂತೋಷವಾಯಿತು, ಎರಡು ಕೈಯಿಂದಲೂ ಮುಖ ಒರೆಸಿಕೊಂಡರು. ನಂತರ ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದುಕೊಂಡು ಕೂತರು.

“ಇವತ್ತು ಸೈರನ್ ಸರಿಯಾಗಿ ಎಂಟಕ್ಕೇ ಆಯ್ತು ಅಲ್ವಾ?” ಎಂದು ಕೇಳಿದರು.

“ಸರಿಯಾಗಿ ಎಂಟಕ್ಕೇ ತಾತ.”

“ಅವಳೂ ಒಳಗೆ ಬಂದ್ಲು.”

“ಬಂದ್ಲಲ್ಲ, ನೀವೇ ನೋಡಿದ್ರಲ್ಲ.”

“ಎರಡೂ ಆಗುತ್ತೆ ಅಂತ ನನಗೆ ಹೊಳೀಲೇ ಇಲ್ಲ ಕಣಮ್ಮ,” ಎಂದರು. “ನನ್ನ ಹೆಂಡತಿ ತಡವಾದ ದಿನ ನಾನು ಸೈರನ್ ಒತ್ತಿ, ಈ ಕಿಟಕಿಯಿಂದ ಕಾವಲುಗಾರನಿಗೆ ‘ಸ್ವಲ್ಪ ತಡಿಯಪ್ಪ’ ಅಂತ ಒಂದು ಕೂಗು ಹಾಕಿದ್ರೆ ಆಗ್ತಿತ್ತು. ಚಪ್ಪಲಿ ಕೈಲಿ ಹಿಡ್ಕೊಂಡು ಅವಳು ಅಲ್ಲೇ ಬರ್ತಾ ಇದ್ಲು.”